ಬಿಸಿಲನ್ನು ತಾರಸಿಯಲ್ಲೇ ತಡೆಯಿರಿ

ಏಪ್ರಿಲ್ ತಿಂಗಳ ಯಾವುದಾದರೂ ರಾತ್ರಿ, ಒಂಬತ್ತರ ಹೊತ್ತಿಗೆ, ಫ್ಯಾನ್ ಆರಿಸಿ ಸ್ಟೂಲ್ ಹತ್ತಿ ಮಲಗುವ ಕೋಣೆಯ ಚಾವಣಿಗೆ ಅಂಗೈ ಇಟ್ಟು ನೋಡಿ. ಮೇಲಂತಸ್ತಿನ ಮನೆಯಾಗಿದ್ದರೆ ಕೈಗೆ ಬಿಸಿ ತಾಗುತ್ತದೆ. ಹೊತ್ತು ಮುಳುಗಿ ಎರಡು ಗಂಟೆಯ ಮೇಲಾಗಿದೆ, ಹೊರಗೆ ಗಾಳಿ ತಂಪಾಗತೊಡಗಿದೆ, ಬೀದಿಯವರು ಕಟ್ಟೆಯ ಮೇಲೆ ಹಾಯಾಗಿ ಕೂತಿದ್ದಾರೆ. ನಿಮ್ಮ ತಲೆಯ ಮೇಲಿನ ಕಾಂಕ್ರೀಟು ಮಾತ್ರ ಮಧ್ಯಾಹ್ನ ಕುಡಿದ ಬಿಸಿಲನ್ನು ಈಗ ಒಳಗೆ ಇಳಿಸುತ್ತಿದೆ. ‘ಫ್ಯಾನ್ ಹಾಕಿದರೆ ಬರೀ ಬಿಸಿ ಗಾಳಿ’ ಎಂದು ಬೇಸಿಗೆಯಲ್ಲಿ ಮನೆಮನೆಯಲ್ಲೂ ಕೇಳುವ ದೂರು ಫ್ಯಾನಿಗೆ ಸೇರಿದ್ದಲ್ಲ, ಚಾವಣಿಗೆ ಸೇರಿದ್ದು.

ಇದು ತಿಳಿದರೆ ದುಡ್ಡು ಎಲ್ಲಿ ಹಾಕಬೇಕು ಎಂಬುದೂ ತಿಳಿಯುತ್ತದೆ. ಸೆಕೆ ಶುರುವಾದ ಕೂಡಲೇ ನಾವು ಹೋಗುವುದು ಎಲೆಕ್ಟ್ರಾನಿಕ್ಸ್ ಅಂಗಡಿಗೆ. ಇನ್ನೊಂದು ಫ್ಯಾನ್, ಒಂದು ಕೂಲರ್, ಆಗದಿದ್ದರೆ ಕಂತಿನ ಮೇಲೆ ಎ.ಸಿ. ಮನೆಯೊಳಗೆ ಬಿಸಿ ಬರಲು ಬಿಟ್ಟು, ಆಮೇಲೆ ವಿದ್ಯುತ್ ಸುಟ್ಟು ಅದನ್ನು ಹೊರಹಾಕುವ ಕೆಲಸ ಇದು. ನನ್ನ ಪ್ರಕಾರ ಕ್ರಮ ಬೇರೆಯಾಗಬೇಕು. ಮೊದಲು ಬಿಸಿಲು ಒಳಗೆ ಇಳಿಯದಂತೆ ನೋಡಿಕೊಳ್ಳುವುದು, ನಂತರ ಒಳಗೆ ಸೇರಿದ ಬಿಸಿಯನ್ನು ರಾತ್ರಿ ಹೊರಗೆ ಕಳಿಸುವುದು, ಆಮೇಲೆ ಮೈಗೆ ಗಾಳಿ, ಕಟ್ಟಕಡೆಗೆ ಯಂತ್ರ. ಮೊದಲ ಮೂರಕ್ಕೆ ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ರೂಪಾಯಿ ಸಾಕು. ಬಾಡಿಗೆ ಮನೆಯವರೂ ಮಾಡಬಹುದು.

ನಮ್ಮ ನಾಡಿನಲ್ಲಿ ತಾರಸಿಗೇ ಮೊದಲ ಮಣೆ ಯಾಕೆ ಎಂಬುದಕ್ಕೆ ಕಾರಣವಿದೆ. ಕರ್ನಾಟಕ ಇರುವುದು ಸುಮಾರು ಹನ್ನೊಂದೂವರೆಯಿಂದ ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಬೇಸಿಗೆಯಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತಾನೆ. ಬೆಂಗಳೂರು, ಮಂಗಳೂರುಗಳಲ್ಲಿ ಏಪ್ರಿಲ್ ಕೊನೆಯ ವಾರ, ಕಲಬುರಗಿಯಲ್ಲಿ ಮೇ ಎರಡನೆಯ ವಾರ ನಡುಹಗಲಿನಲ್ಲಿ ಕಂಬದ ನೆರಳೂ ಬುಡದಲ್ಲೇ ಅಡಗುತ್ತದೆ. ಆಗ ದಕ್ಷಿಣದ ಗೋಡೆಗೆ ಬಿಸಿಲೇ ಸರಿಯಾಗಿ ಬೀಳುವುದಿಲ್ಲ, ಬೀಳುವುದೆಲ್ಲ ತಾರಸಿಗೆ. ತಿಳಿಯಾದ ಆಕಾಶದಲ್ಲಿ ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 1,000 ವಾಟ್ ಶಾಖ ತರುತ್ತದೆ. ಆರುನೂರು ಚದರಡಿಯ ಸಣ್ಣ ಮನೆಯ ತಾರಸಿಯೂ 55 ಚದರ ಮೀಟರ್ ಆಯಿತು. ಐವತ್ತೈದು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಲಿಟ್ಟಷ್ಟು ಶಾಖ ಅದು. ಬೆಳಿಗ್ಗೆ ಪೂರ್ವದ ಗೋಡೆ, ಸಂಜೆ ಪಶ್ಚಿಮದ ಗೋಡೆ ಕಾಯುವುದು ಅದರ ಮೇಲೆ ಹೆಚ್ಚುವರಿ.

ಹಿಂದಿನವರ ಮನೆಗಳಲ್ಲಿ ಇದಕ್ಕೆ ಉತ್ತರವಿತ್ತು. ಬಯಲುಸೀಮೆಯ ಮಣ್ಣಿನ ಮಾಳಿಗೆ ಎಷ್ಟು ದಪ್ಪವಿರುತ್ತಿತ್ತೆಂದರೆ ಹಗಲಿನ ಕಾವು ಒಳಗೆ ಇಳಿಯುವಷ್ಟರಲ್ಲಿ ಹೊತ್ತೇ ಮುಳುಗುತ್ತಿತ್ತು. ನಡುವೆ ಗವಾಕ್ಷಿ ಇದ್ದುದರಿಂದ ಬಿಸಿ ಗಾಳಿ ಮೇಲಕ್ಕೆ ಹೋಗುತ್ತಿತ್ತು. ಕರಾವಳಿಯಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹೆಸರಾದ ಹೆಂಚು ಇನ್ನೊಂದು ರೀತಿಯಲ್ಲಿ ಕೆಲಸ ಮಾಡುತ್ತಿತ್ತು. ಹೆಂಚುಗಳ ಸಂದಿನಿಂದ ಗಾಳಿ ಆಡುತ್ತಿತ್ತು, ಸೂರು ಎತ್ತರವಿದ್ದು ಕಾವು ಅಲ್ಲೇ ನಿಲ್ಲುತ್ತಿತ್ತು. ನಾಲ್ಕೈದು ಇಂಚಿನ ಆರ್‌ಸಿಸಿ ಚಾವಣಿಗೆ ಆ ದಪ್ಪವೂ ಇಲ್ಲ, ಆ ಸಂದೂ ಇಲ್ಲ. ಮಳೆಗೆ ಗಟ್ಟಿ, ಬಿಸಿಲಿಗೆ ದುರ್ಬಲ. ಹಾಗಾಗಿ ಅದಕ್ಕೆ ಮೇಲಿನಿಂದಲೇ ರಕ್ಷಣೆ ಕೊಡಬೇಕು.

ಸುಣ್ಣ

ಇದ್ದುದರಲ್ಲಿ ಅಗ್ಗದ, ಇದ್ದುದರಲ್ಲಿ ಹೆಚ್ಚು ಫಲ ಕೊಡುವ ಉಪಾಯ ತಾರಸಿಗೆ ಸುಣ್ಣ ಬಳಿಯುವುದು. ಪಾಚಿ ಕಟ್ಟಿ ಕಪ್ಪಾದ ಹಳೆಯ ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಳಿದ ಬಿಳಿ ಸುಣ್ಣ ಹೆಚ್ಚುಕಡಿಮೆ ಅಷ್ಟೇ ಪಾಲನ್ನು ಆಕಾಶಕ್ಕೆ ಹಿಂತಿರುಗಿಸುತ್ತದೆ. ಇದರಿಂದ ಮನೆಯೊಳಗೆ ಎರಡರಿಂದ ಐದು ಡಿಗ್ರಿಯವರೆಗೆ ತಂಪಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಚಾವಣಿಯ ಒಳಮೈಯನ್ನು ಮುಟ್ಟಿ ನೋಡಿದರೆ ವ್ಯತ್ಯಾಸ ಇನ್ನೂ ಹೆಚ್ಚು ಗೊತ್ತಾಗುತ್ತದೆ. ಅಹಮದಾಬಾದ್ ನಗರ 2010ರ ಮೇ ತಿಂಗಳ ಭೀಕರ ಬಿಸಿಗಾಳಿಯಲ್ಲಿ ನೊಂದು, 2013ರಲ್ಲಿ ಬಿಸಿಲಿನ ವಿರುದ್ಧ ಯೋಜನೆಯೊಂದನ್ನು ರೂಪಿಸಿತು. ಕೆಲವು ವರ್ಷಗಳ ನಂತರ ಬಡವರ ಮನೆಗಳ ಮೇಲೆ ಬಿಳಿ ಬಣ್ಣ ಬಳಿಸುವ ಕೆಲಸವನ್ನೂ ಅದಕ್ಕೆ ಸೇರಿಸಿಕೊಂಡಿತು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಏಪ್ರಿಲ್, ಮೇನಲ್ಲಿ ಅಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆಗೆ ಬದಲಿಸುತ್ತಾರೆ. ಅಂಥ ಊರುಗಳಲ್ಲಿ ಈ ಕೆಲಸ ಮನೆಮನೆಯಲ್ಲೂ ಆಗಬೇಕು. ಬೆಂಗಳೂರಿನವರೂ ಇದು ತಮಗಲ್ಲ ಎಂದುಕೊಳ್ಳುವಂತಿಲ್ಲ, 2016ರ ಏಪ್ರಿಲ್‌ನಲ್ಲಿ ಅಲ್ಲಿಯೂ 39.2 ಡಿಗ್ರಿ ದಾಖಲಾಗಿದೆ.

ಕೆಲಸಕ್ಕೆ ಹೊತ್ತು ಶಿವರಾತ್ರಿಯಿಂದ ಯುಗಾದಿಯವರೆಗೆ. ಮಳೆ ಇರುವುದಿಲ್ಲ, ಬಿಸಿಲೂ ಇನ್ನೂ ಏರಿರುವುದಿಲ್ಲ. ಮೊದಲ ದಿನ ತಾರಸಿ ಗುಡಿಸಿ, ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು ತೊಳೆಯಿರಿ. ಧೂಳಿನ ಮೇಲೆ ಬಳಿದ ಸುಣ್ಣ ಸಿಪ್ಪೆ ಎದ್ದು ಹೋಗುತ್ತದೆ. ಬಿರುಕುಗಳಿದ್ದರೆ ಅವನ್ನು ಆಗಲೇ ಮುಚ್ಚಿಸಿ, ಏಕೆಂದರೆ ಸುಣ್ಣ ಸೋರಿಕೆ ನಿಲ್ಲಿಸುವುದಿಲ್ಲ. ಆ ಕೆಲಸ ಸುಣ್ಣದಿಂದ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸುಣ್ಣ ಎರಡು ರೂಪದಲ್ಲಿ ಸಿಗುತ್ತದೆ. ಚೀಲದಲ್ಲಿ ಬರುವ ಅರಳಿದ ಸುಣ್ಣದ ಪುಡಿಯನ್ನು ನೇರವಾಗಿ ನೀರಿಗೆ ಕಲಸಬಹುದು. ಸುಣ್ಣದ ಹರಳು ತಂದರೆ ಅರಳಿಸಬೇಕು. ಅರಳಿಸುವುದು ನೋಡಲು ಚೆಂದ, ಮಾಡುವಾಗ ಎಚ್ಚರ ಬೇಕು. ಅರ್ಧ ಡ್ರಮ್ ನೀರಿಗೆ ಒಂದೊಂದೇ ಹರಳು ಬಿಟ್ಟ ಹಾಗೆ ಮೊದಲು ಏನೂ ಆಗದಂತೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಹರಳು ಬಿರಿದು, ನೀರು ತಾನಾಗಿ ಕುದಿಯತೊಡಗಿ, ಹಬೆ ಎದ್ದು, ಡ್ರಮ್ಮಿನ ಮೈ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಈ ಕೆಲಸದಲ್ಲಿ ಪಳಗಿದ ಗೌಂಡಿಯೊಬ್ಬರು ಹೇಳುತ್ತಿದ್ದ ಮಾತು ಎಲ್ಲರೂ ನೆನಪಿಡುವಂಥದ್ದು: “ಅಕ್ಕಾರ, ನೀರಿಗೆ ಸುಣ್ಣ ಹಾಕ್ರಿ, ಸುಣ್ಣಕ್ಕ ನೀರ ಹಾಕಬ್ಯಾಡ್ರಿ. ಸಿಡದ್ರ ಕಣ್ಣ ಹೋಗ್ತಾವು.” ಪ್ಲಾಸ್ಟಿಕ್ ಬಕೆಟ್ ಬೇಡ, ಕಾವಿಗೆ ಮೆತ್ತಗಾಗಿ ಕುಸಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಹಳೆಯ ಬಟ್ಟೆಯಲ್ಲಿ ಸೋಸಿ.

ಅಂಟು ಬರಲು ಹತ್ತು ಕಿಲೋ ಸುಣ್ಣಕ್ಕೆ ಒಂದು ಕಿಲೋ ಬಿಳಿ ಸಿಮೆಂಟು, ಅರ್ಧ ಕಿಲೋದಷ್ಟು ಪೇಂಟ್ ಅಂಗಡಿಯ ಬಿಳಿ ಗೋಂದು ಸೇರಿಸಿದರೆ ಸಾಕು. ಗೋಡೆಗೆ ಬಳಿಯುವಾಗ ಹಿಂದೆ ಉಪ್ಪು ಹಾಕುವ ರೂಢಿ ಇತ್ತು. ಆರ್‌ಸಿಸಿ ಮೇಲೆ ಅದು ಬೇಡ, ಉಪ್ಪು ಒಳಗಿಳಿದರೆ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ. ಕುಂಚದಿಂದ ಸಲೀಸಾಗಿ ಹರಿಯುವಷ್ಟು ತೆಳುವಾಗಿ ಕಲಸಿ, ತಾರಸಿಗೆ ನೀರು ಚಿಮುಕಿಸಿ, ಸಂಜೆಯ ಹೊತ್ತಿನಲ್ಲಿ ಒಂದು ಕೈ ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಕೈ ಅಡ್ಡಕ್ಕೆ ಬಳಿಯಿರಿ. ದಪ್ಪ ಬಳಿದರೆ ಬೇಗ ಬಿರಿಯುತ್ತದೆ. ಹಸಿಯಿದ್ದಾಗ ಸುಣ್ಣ ಪೇಲವವಾಗಿ ಕಾಣುತ್ತದೆ, ಒಣಗಿದಂತೆ ಬೆಳ್ಳಗಾಗುತ್ತದೆ. ಹಾಗಾಗಿ ಸಾಲದೆಂದು ಅವಸರದಲ್ಲಿ ಮೇಲೆ ಮೇಲೆ ಬಳಿಯಬೇಡಿ. ಮರುದಿನ ಬಿಸಿಲಿನಲ್ಲಿ ತಾರಸಿಗೆ ಹೋದರೆ ಕಣ್ಣು ಕೋರೈಸುತ್ತದೆ, ಅಷ್ಟು ಬೆಳಕು ಇನ್ನು ನಿಮ್ಮ ಕೋಣೆಗೆ ಕಾವಾಗಿ ಇಳಿಯುವುದಿಲ್ಲ.

ಮಳೆಗಾಲದಲ್ಲಿ ಅರ್ಧ ತೊಳೆದುಹೋಗುತ್ತದೆ ಎಂಬುದು ನಿಜ. ಮಳೆನೀರು ಕೊಯ್ಲು ಮಾಡುವವರು ಸುಣ್ಣ ಬಳಿದ ವರ್ಷ ಮೊದಲ ಕೆಲವು ಮಳೆಯ ನೀರನ್ನು ತೊಟ್ಟಿಗೆ ಬಿಡಬಾರದು. ಪ್ರತಿ ವರ್ಷ ಬಳಿಯುವುದು ಬೇಡ ಅನ್ನುವವರಿಗೆ ಎರಡು ದಾರಿಗಳಿವೆ. ಒಂದು, ತಾರಸಿಗೆಂದೇ ಬರುವ ಬಿಳಿ ಕೂಲ್ ರೂಫ್ ಪೇಂಟು. ಸುಣ್ಣಕ್ಕಿಂತ ಹಲವು ಪಟ್ಟು ದುಬಾರಿಯಾದರೂ ಕೆಲವು ವರ್ಷ ಬರುತ್ತದೆ. ಕೊಳ್ಳುವಾಗ ಡಬ್ಬದ ಮೇಲೆ, ಬಣ್ಣ ಬಿಸಿಲಿನಲ್ಲಿ ಎಷ್ಟು ತಂಪಾಗಿರುತ್ತದೆ ಎಂದು ಹೇಳುವ ಎಸ್‌ಆರ್‌ಐ ಎಂಬ ಅಂಕಿ ನೋಡಿ, ನೂರರ ಆಸುಪಾಸು ಇದ್ದರೆ ಒಳ್ಳೆಯದು. ಆ ಅಂಕಿಯೇ ಇಲ್ಲದ ಡಬ್ಬ ಬರೀ ಬಿಳಿ ಬಣ್ಣದ್ದು. ಇನ್ನೊಂದು, ನನಗೆ ಹೆಚ್ಚು ಹಿಡಿಸಿದ್ದು, ಒಡೆದ ಬಿಳಿ ಟೈಲ್ಸಿನ ಚೂರುಗಳನ್ನು ಗಾರೆಯಲ್ಲಿ ಕೂರಿಸುವುದು. ಟೈಲ್ಸ್ ಅಂಗಡಿಗಳಲ್ಲಿ ಒಡಕು ಮಾಲು ತೀರಾ ಅಗ್ಗಕ್ಕೆ ಸಿಗುತ್ತದೆ, ಖರ್ಚೆಲ್ಲ ಕೂಲಿಯದು. ಒಮ್ಮೆ ಮಾಡಿಸಿದರೆ ಬಹಳ ವರ್ಷ ಬರುತ್ತದೆ. ಭಾರ ಹೆಚ್ಚುವುದರಿಂದ ಹಳೆಯ ಚಾವಣಿಯಾದರೆ ಎಂಜಿನಿಯರನ್ನು ಕೇಳಿಯೇ ಮುಂದುವರಿಯಿರಿ. ಯಾವುದನ್ನೇ ಮಾಡಿಸಿ, ಬೇಸಿಗೆಯಲ್ಲಿ ಒಂದೆರಡು ಸಲ ತೊಳೆಯಬೇಕು. ಧೂಳು ಕೂತರೆ ಬಿಳಿಯ ಫಲ ಇಳಿಯುತ್ತದೆ.

ತಗಡಿನ ಮನೆಯವರ ಕಷ್ಟ ಬೇರೆ. ಶೀಟು ಕಾವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಹತ್ತು ಗಂಟೆಯಿಂದಲೇ ನೇರವಾಗಿ ತಲೆಯ ಮೇಲೆ ಸುರಿಯುತ್ತದೆ, ಸಂಜೆಗೆ ಬೇಗ ಆರುತ್ತದೆ. ಇಲ್ಲಿಯೂ ಬಿಳಿ ಬಣ್ಣವೇ ಮೊದಲ ಮದ್ದು, ಫಲ ಅಂದೇ ಗೊತ್ತಾಗುತ್ತದೆ. ಶೀಟಿನ ಕೆಳಗೆ ಒಂದಡಿ ಬಿಟ್ಟು ಬಿದಿರಿನ ತಟ್ಟಿಯನ್ನೋ ಬಟ್ಟೆಯನ್ನೋ ಕಟ್ಟಿ, ಎರಡರ ನಡುವಿನ ಗಾಳಿ ಎರಡೂ ತುದಿಯಿಂದ ಹೊರಗೆ ಹೋಗುವ ಹಾಗೆ ಮಾಡಿದರೆ ಅರ್ಧ ಕಾವು ಅಲ್ಲೇ ತಪ್ಪುತ್ತದೆ. ತೆಂಗಿನ ಸೋಗೆ ಹೊದಿಸುವುದು ಹಳೆಯ ಉಪಾಯ, ಒಳ್ಳೆಯದೂ ಹೌದು. ಆದರೆ ವಿದ್ಯುತ್ ತಂತಿಗೆ ತಾಗದಂತೆ, ಒಲೆಯ ಹೊಗೆ ಕೊಳವೆಯಿಂದ ದೂರ ಇರಬೇಕು. ಹಳೆಯ ಕಲ್ನಾರಿನ ಶೀಟಾಗಿದ್ದರೆ ಅದನ್ನು ಕೆರೆಯಬೇಡಿ, ಕೊರೆಯಬೇಡಿ, ಒಣಗಿದ್ದಾಗ ಉಜ್ಜಬೇಡಿ. ಅದರ ನಾರಿನ ಧೂಳು ಶ್ವಾಸಕೋಶಕ್ಕೆ ವಿಷ.

ತಾರಸಿಗೆ ಹಸಿರು ಶೇಡ್ ನೆಟ್ ಕಟ್ಟುವುದೂ ಚಲಾವಣೆಯಲ್ಲಿದೆ. ಕಟ್ಟುವುದಾದರೆ ಆರೇಳು ಅಡಿ ಎತ್ತರದಲ್ಲಿ ಕಟ್ಟಿ, ನೆಲಕ್ಕೆ ಹಾಸಬೇಡಿ. ನಡುವೆ ಗಾಳಿ ಓಡಿದರೆ ಮಾತ್ರ ಅದು ನೆರಳು. ಏಪ್ರಿಲ್ ಕೊನೆಯ ಗಾಳಿಮಳೆಗೆ ಕಿತ್ತು ಹಾರದಂತೆ ನಾಲ್ಕೂ ಮೂಲೆ ಭದ್ರವಾಗಿರಲಿ. ಅದೇ ನೆಟ್ಟಿನ ಒಂದು ತುಂಡನ್ನು ಕಪ್ಪು ನೀರಿನ ಟ್ಯಾಂಕಿನ ಮೇಲೂ ಇಳಿಬಿಡಿ, ಮಧ್ಯಾಹ್ನ ನಲ್ಲಿಯಲ್ಲಿ ಸುಡುನೀರು ಬರುವುದು ತಪ್ಪುತ್ತದೆ.

ಪಶ್ಚಿಮದ ಕಿಟಕಿ

ತಾರಸಿಯ ನಂತರದ ಶತ್ರು ಪಶ್ಚಿಮದ ಕಿಟಕಿ. ಕಿಟಕಿಯ ಮೇಲಿನ ಸಜ್ಜಾ ನೆತ್ತಿಯ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ನಾಲ್ಕು ಗಂಟೆಯ ನಂತರದ ಓರೆ ಬಿಸಿಲು ಅದರ ಕೆಳಗೆ ನುಸುಳಿ ನೇರವಾಗಿ ಮಂಚಕ್ಕೇ ಬರುತ್ತದೆ. ಒಳಗೆ ಪರದೆ ಹಾಕಿದ್ದೇವಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ಸಾಮಾನ್ಯ. ಆದರೆ ಬಿಸಿಲು ಗಾಜು ದಾಟಿ ಪರದೆಗೆ ತಾಗಿದ ಮೇಲೆ ಕಾವು ಒಳಗೆ ಬಂದಾಯಿತು, ಇನ್ನು ಅದು ಹೊರಗೆ ಹೋಗುವುದಿಲ್ಲ. ಪರದೆಯ ಜಾಗ ಕಿಟಕಿಯ ಹೊರಗೆ.

ಸಜ್ಜಾಕ್ಕೆ ಎರಡು ಕೊಕ್ಕೆ ಹಾಕಿ ಬಿದಿರಿನ ಪರದೆ ಇಳಿಬಿಡಿ. ಅದೂ ದುಬಾರಿ ಎನಿಸಿದರೆ ಶೇಡ್ ನೆಟ್, ಹಳೆಯ ತಿಳಿಬಣ್ಣದ ಪಂಚೆ, ಹೊಲಿದ ಗೋಣಿತಟ್ಟು ಯಾವುದಾದರೂ ಆದೀತು. ಗಾಜಿಗೆ ಅಂಟಿಸದೆ ಐದಾರು ಇಂಚು ದೂರ ಬಿಡಿ, ನಡುವೆ ಕಾದ ಗಾಳಿ ಮೇಲಕ್ಕೆ ಹೋಗಲಿ. ಅಂಗಳದಲ್ಲಿ ಒಂದು ಗೇಣು ಮಣ್ಣಿದ್ದರೂ ಬಳ್ಳಿಗಿಂತ ಒಳ್ಳೆಯ ಪರದೆಯಿಲ್ಲ. ತೊಂಡೆ, ಬಸಳೆ, ಹಾಗಲ, ಚಪ್ಪರದವರೆ ಇವುಗಳಲ್ಲಿ ಯಾವುದನ್ನಾದರೂ ಜನವರಿಯಲ್ಲಿ ಹಾಕಿ ದಾರ ಕಟ್ಟಿ ಹಬ್ಬಿಸಿದರೆ ಏಪ್ರಿಲ್ ಹೊತ್ತಿಗೆ ಕಿಟಕಿ ತುಂಬುತ್ತದೆ. ಎಲೆ ಕಾಯುವುದಿಲ್ಲ, ತನ್ನ ನೀರನ್ನೇ ಆವಿ ಮಾಡಿ ಸುತ್ತಲಿನ ಗಾಳಿಯನ್ನು ತಣಿಸುತ್ತದೆ. ಮೇಲಾಗಿ ಪಲ್ಯಕ್ಕೂ ಆಯಿತು.

ಮಲಗುವ ಜಾಗವನ್ನೂ ಒಮ್ಮೆ ನೋಡಿ. ಪಶ್ಚಿಮದ ಗೋಡೆಗೆ ಮಂಚ ಒತ್ತಿಟ್ಟಿದ್ದರೆ ಬೇಸಿಗೆಯ ಎರಡು ತಿಂಗಳಾದರೂ ಸರಿಸಿ, ಆ ಗೋಡೆಗೆ ಬೀರು, ಪುಸ್ತಕದ ಕಪಾಟು ಇಡಿ. ಫೋಮ್ ಹಾಸಿಗೆ ಮೈಯ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೊಂದು ಚಾಪೆ, ಚಾಪೆಯ ಮೇಲೆ ತೆಳು ಹತ್ತಿಯ ಹಾಸು ಹಾಕಿದರೆ ಬೆನ್ನು ಬೆವರುವುದು ಕಡಿಮೆಯಾಗುತ್ತದೆ. ಬಯಲುಸೀಮೆಯ ಹೊರಸಿನಲ್ಲಿ ಬೆನ್ನ ಕೆಳಗೂ ಗಾಳಿ ಆಡುತ್ತದೆ. ಅದನ್ನು ಅಟ್ಟಕ್ಕೆ ಹಾಕಿದವರು ಬೇಸಿಗೆಗೆ ಇಳಿಸಿಕೊಳ್ಳುವುದು ಜಾಣತನ.

ಗಾಳಿಗೆ ದಾರಿ

ಕಿಟಕಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದಕ್ಕೆ ಗಡಿಯಾರ ನೋಡಬೇಕಿಲ್ಲ. ಉಷ್ಣತೆ, ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಡಿಜಿಟಲ್ ಮಾಪಕ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಒಮ್ಮೆ ಒಳಗೆ, ಒಮ್ಮೆ ಹೊರಗೆ ನೆರಳಿನಲ್ಲಿಟ್ಟು ನೋಡಿ. ಹೊರಗೆ ಹೆಚ್ಚಿದ್ದರೆ ಮುಚ್ಚಿ, ಹೊರಗೆ ಕಡಿಮೆಯಾದ ಕೂಡಲೇ ತೆರೆಯಿರಿ. ಬಯಲುಸೀಮೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಮುಚ್ಚಿದ ಮನೆಯೇ ತಂಪು, ಗಾಳಿ ಬರಲಿ ಎಂದು ನಡುಹಗಲಿನಲ್ಲಿ ತೆರೆದರೆ ಒಳಗೆ ಬರುವುದು ಝಳ. ರಾತ್ರಿಯಿಡೀ ತೆರೆದಿಟ್ಟರೆ ಗೋಡೆ, ನೆಲ ಎರಡೂ ಮರುದಿನಕ್ಕೆ ತಣಿದಿರುತ್ತವೆ.

ಒಂದೇ ಕಿಟಕಿ ತೆರೆದರೆ ಗಾಳಿ ಬರುವುದಿಲ್ಲ, ಬಂದ ಗಾಳಿಗೆ ಹೋಗುವ ದಾರಿ ಬೇಕು. ಎದುರು ಗೋಡೆಯದನ್ನೂ ತೆರೆಯಿರಿ, ನಡುವಿನ ಕೋಣೆಯ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತು ಕೊಡಿ. ಕಾದ ಗಾಳಿ ಮೇಲೇರುವುದರಿಂದ ಹಳೆಯ ಮನೆಗಳ ವೆಂಟಿಲೇಟರುಗಳು ದೊಡ್ಡ ಉಪಕಾರ ಮಾಡುತ್ತವೆ. ಧೂಳು ಬರುತ್ತದೆಂದು ಹಳೆಯ ಕ್ಯಾಲೆಂಡರ್ ಅಂಟಿಸಿ ಅವನ್ನು ಮುಚ್ಚಿದ ಮನೆಗಳು ಎಷ್ಟೋ ಇವೆ. ಬೇಸಿಗೆಯಲ್ಲಾದರೂ ಕಿತ್ತುಹಾಕಿ ಜಾಲರಿ ಬಡಿಸಿ.

ಗಾಳಿಯೇ ಬೀಸದ ರಾತ್ರಿಗಳಲ್ಲಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನೆರವಿಗೆ ಬರುತ್ತದೆ. ಮಲಗುವ ಕೋಣೆಯ ಕಿಟಕಿ ಮಾತ್ರ ತೆರೆದು, ಉಳಿದವನ್ನೆಲ್ಲ ಮುಚ್ಚಿ, ಎಕ್ಸಾಸ್ಟ್ ಹಾಕಿ. ಹೊರಗೆ ಹೋದಷ್ಟು ಗಾಳಿ ಮಲಗುವ ಕೋಣೆಯ ಕಿಟಕಿಯಿಂದಲೇ ಒಳಗೆ ಬರಬೇಕು, ಬೇರೆ ದಾರಿಯಿಲ್ಲ. ಅರ್ಧ ಗಂಟೆಯಲ್ಲಿ ಕೋಣೆಯ ಗಾಳಿ ಬದಲಾಗುತ್ತದೆ. ಎಕ್ಸಾಸ್ಟ್ ಇಲ್ಲದವರು ಟೇಬಲ್ ಫ್ಯಾನನ್ನು ಒಂದು ಕಿಟಕಿಗೆ ಹೊರಮುಖವಾಗಿ ಇಟ್ಟರೂ ಅದೇ ಕೆಲಸ.

ಇನ್ನು ಸೊಳ್ಳೆ ಜಾಲರಿ. ಜಾಲರಿಯ ಮೇಲೆ ಬೆರಳು ಎಳೆದು ನೋಡಿ. ವರ್ಷಗಟ್ಟಲೆ ಕೂತ ಧೂಳು, ಅಡುಗೆಯ ಜಿಡ್ಡು ಸೇರಿ ಕಣ್ಣುಗಳು ಅರ್ಧಕ್ಕರ್ಧ ಮುಚ್ಚಿರುತ್ತವೆ. ಬೆಳಕಿಗೆ ಹಿಡಿದರೆ ಮುಚ್ಚಿದ ಕಣ್ಣುಗಳು ಎಣಿಸಲು ಸಿಗುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಪಾತ್ರೆಯ ಸೋಪಿನ ನೀರಿನಲ್ಲಿ ಮೆತ್ತನೆಯ ಬ್ರಷ್ ಅದ್ದಿ ಎರಡೂ ಬದಿ ಉಜ್ಜಿ, ಮೇಲಿನಿಂದ ನೀರು ಹೊಯ್ದು ಬಿಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಆ ಸಂಜೆಯೇ ಗಾಳಿ ಬೇರೆಯಾಗಿರುತ್ತದೆ. ಹೊಸ ಮನೆ ಕಟ್ಟಿಸುವವರಿಗೆ ಇಲ್ಲೇ ಒಂದು ಮಾತು: ಸರಿಸುವ ಕಿಟಕಿಗಳಲ್ಲಿ ಎಷ್ಟೇ ತೆರೆದರೂ ಅರ್ಧ ಭಾಗ ಗಾಜಿನ ಹಿಂದೆಯೇ ಉಳಿಯುತ್ತದೆ. ರೆಕ್ಕೆ ಬಾಗಿಲಿನ ಕಿಟಕಿ ಪೂರ್ತಿ ತೆರೆಯುತ್ತದೆ.

ನೀರು ಎಲ್ಲಿ ಸಲ್ಲುತ್ತದೆ

ಒದ್ದೆ ಪರದೆ, ಲಾವಂಚದ ತಟ್ಟಿ, ಕೂಲರ್ ಮೂರೂ ಒಂದೇ ತತ್ವದವು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು ಮೂರನೇ ಎರಡು ಯೂನಿಟ್ ವಿದ್ಯುತ್ತಿನಷ್ಟು ಶಾಖವನ್ನು ಗಾಳಿಯಿಂದ ತೆಗೆದುಕೊಳ್ಳುತ್ತದೆ. ಆದರೆ ನೀರು ಆವಿಯಾಗಲು ಗಾಳಿ ಒಣಗಿರಬೇಕು. ನಿಮ್ಮ ಊರಿಗೆ ಇದು ಸಲ್ಲುತ್ತದೋ ಇಲ್ಲವೋ ತಿಳಿಯಲು ನೆರಳಿನಲ್ಲಿ ಒಂದು ಒದ್ದೆ ಟವೆಲ್ ಹರವಿ. ಬೀದರ್, ಬಳ್ಳಾರಿ, ವಿಜಯಪುರಗಳಲ್ಲಿ ಏಪ್ರಿಲ್‌ನಲ್ಲಿ ಅದು ನೋಡನೋಡುತ್ತ ಒಣಗುತ್ತದೆ, ಅಲ್ಲಿ ಕೂಲರ್ ಚಿನ್ನದಂಥ ಕೆಲಸ ಮಾಡುತ್ತದೆ. ಉಡುಪಿ, ಕಾರವಾರಗಳಲ್ಲಿ ಸಂಜೆಗೂ ತೇವ ಉಳಿದಿರುತ್ತದೆ. ಅಲ್ಲಿ ಒದ್ದೆ ಪರದೆ ಕಟ್ಟಿದರೆ ಸೆಕೆ ಇಳಿಯುವ ಬದಲು ಏರುತ್ತದೆ. ಕರಾವಳಿಯವರು ನೀರನ್ನು ಮರೆತು ನೆರಳು, ಗಾಳಿ ಎರಡನ್ನೇ ನಂಬಬೇಕು. ಮಾಪಕವಿದ್ದರೆ ತೇವಾಂಶ ಶೇಕಡಾ 40ರ ಒಳಗಿದ್ದಾಗ ಕೂಲರ್ ಹಾಕಿ, 60 ದಾಟಿದರೆ ಬರೀ ಫ್ಯಾನ್ ಲೇಸು.

ಕೂಲರ್ ಇಟ್ಟವರು ಅದನ್ನು ಕಿಟಕಿಗೆ ಕೂರಿಸಿ ಹೊರಗಿನ ಗಾಳಿ ಎಳೆದುಕೊಳ್ಳುವಂತೆ ಮಾಡಿ, ಎದುರಿನ ಕಿಟಕಿಯನ್ನು ಒಂದಿಷ್ಟು ತೆರೆದಿಡಬೇಕು. ಎ.ಸಿ.ಯಂತೆ ಎಲ್ಲ ಮುಚ್ಚಿಕೊಂಡು ಕೂತರೆ ಒಂದು ಗಂಟೆಯಲ್ಲಿ ಕೋಣೆ ಜಿಗುಟಾಗುತ್ತದೆ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಬರಿದು ಮಾಡಿ ಉಜ್ಜಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆಗೆ ಕೂಲರಿನ ನಿಂತ ನೀರು ಬಹಳ ಇಷ್ಟವಾದ ಜಾಗ.

ಫ್ಯಾನು, ಬಿಲ್ಲು

ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರು ಆರಿಸಿ ಮೈಯನ್ನು ತಂಪು ಮಾಡುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನ್ ಬರೀ ಬಿಲ್ಲು ತಿರುಗಿಸುತ್ತದೆ. ಇದ್ದ ಫ್ಯಾನ್ ನಿಧಾನವಾಗಿದೆ ಎಂದು ಹೊಸದಕ್ಕೆ ಹೋಗುವ ಮುನ್ನ ಅದರ ಕೆಪಾಸಿಟರ್ ಬದಲಿಸಿ ನೋಡಿ. ಎಲೆಕ್ಟ್ರಿಷಿಯನ್‌ಗಳು ಕಂಡೆನ್ಸರ್ ಎನ್ನುವ ಈ ಪುಟ್ಟ ಡಬ್ಬಿಗೆ ನೂರು ರೂಪಾಯಿಯ ಆಸುಪಾಸು, ಮನೆಯ ಫ್ಯಾನುಗಳಿಗೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದು. ವರ್ಷಗಳಿಂದ ನಿಧಾನವಾಗುತ್ತ ಬಂದ ಫ್ಯಾನ್ ಇದರಿಂದಲೇ ಮತ್ತೆ ಬಿರುಸಾಗಿ ತಿರುಗುವುದುಂಟು. ರೆಕ್ಕೆಯ ಅಂಚಿನ ಧೂಳನ್ನೂ ಒರೆಸಿ.

ಹೊಸದು ಕೊಳ್ಳಲೇಬೇಕಾದರೆ ಬಿಎಲ್‌ಡಿಸಿ ಫ್ಯಾನ್ ಕೊಳ್ಳಿ. ಹಳೆಯ ಮಾದರಿಯದು 75 ವಾಟ್ ತೆಗೆದುಕೊಳ್ಳುವಲ್ಲಿ ಇದು 30 ವಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ ಹದಿನೈದು ಗಂಟೆ ತಿರುಗಿದರೆ ತಿಂಗಳಿಗೆ ಒಂದು ಫ್ಯಾನಿನಿಂದ ಇಪ್ಪತ್ತು ಯೂನಿಟ್ ಉಳಿತಾಯ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ನಕ್ಷತ್ರ ಗುರುತು ಕಡ್ಡಾಯವಾಗಿದೆ, ನೋಡಿಯೇ ಆರಿಸಿ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿ ಇರುವ ಮನೆಗಳಿಗೆ ಈ ಲೆಕ್ಕ ಇನ್ನೂ ಮುಖ್ಯ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಒಂದೂವರೆ ಟನ್ನಿನ ಎ.ಸಿ. ರಾತ್ರಿಯೆಲ್ಲ ನಡೆದರೆ ಎಂಟು-ಹತ್ತು ಯೂನಿಟ್ ಆಗುವುದರಿಂದ ಅದೊಂದೇ ಆ ಮಿತಿ ದಾಟಿಸಬಲ್ಲದು. ಎ.ಸಿ. ಇದ್ದವರು 26ಕ್ಕೆ ಇಟ್ಟು ಫ್ಯಾನನ್ನು ನಿಧಾನಕ್ಕೆ ತಿರುಗಿಸಿಕೊಳ್ಳಿ. ತಾರಸಿಗೆ ಸುಣ್ಣ ಬಿದ್ದಿದ್ದರೆ ಅಷ್ಟೇ ಸಾಕಾಗುತ್ತದೆ.

ಅಡುಗೆಯನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸುವುದು, ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸುವುದು, ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯುವುದು, ಇನ್ನೂ ಉಳಿದ ಹಳೆಯ ಬುರುಡೆ ಬಲ್ಬುಗಳನ್ನು ತೆಗೆಯುವುದು ಎಲ್ಲರಿಗೂ ತಿಳಿದ ಮಾತುಗಳು. ಮಾಡಿದರೆ ಫಲವಿದೆ.

ಬಾಡಿಗೆ ಮನೆಯವರು ತಾರಸಿಯ ಸುಣ್ಣಕ್ಕೆ ಮಾಲೀಕರನ್ನು ಕೇಳಬೇಕಾಗುತ್ತದೆ. “ಸಾಮಾನು ನಾವು ತರ್ತೀವಿ ಸಾರ್, ನೀವು ಒಪ್ಪಿಗೆ ಕೊಟ್ರೆ ಸಾಕು” ಎಂದರೆ ಬೇಡ ಅನ್ನುವವರು ಕಡಿಮೆ. ಬಿಸಿಲು-ತಂಪಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡುವುದು ಕಡಿಮೆಯಾಗಿ ಚಾವಣಿಯ ಬಾಳಿಕೆ ಹೆಚ್ಚುತ್ತದೆ ಎಂಬುದನ್ನೂ ಹೇಳಿ, ಅದು ಅವರಿಗೇ ಲಾಭ. ಬಿದಿರಿನ ಪರದೆ, ನೆಟ್, ಮಾಪಕ, ಬಿಎಲ್‌ಡಿಸಿ ಫ್ಯಾನ್ ಇವೆಲ್ಲ ಮನೆ ಬಿಡುವಾಗ ನಿಮ್ಮ ಜತೆಗೇ ಬರುತ್ತವೆ.

ಮನೆಯಲ್ಲಿ ವಯಸ್ಸಾದವರು, ಹಸುಗೂಸು, ಹಾಸಿಗೆ ಹಿಡಿದವರು ಇದ್ದರೆ ಇದು ಬರೀ ಅನುಕೂಲದ ವಿಷಯವಲ್ಲ. ಮುದುಕರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ಬೆವರೂ ಕಡಿಮೆ. ಮಧ್ಯಾಹ್ನ ಅವರನ್ನು ಮೇಲಂತಸ್ತಿನಿಂದ ಕೆಳಗಿನ ಕೋಣೆಗೆ ಕರೆತನ್ನಿ. ಒಳಗಿನ ಗಾಳಿ 40 ಡಿಗ್ರಿ ಮುಟ್ಟಿದರೆ ಫ್ಯಾನ್ ಮಾತ್ರ ನಂಬಬೇಡಿ, ಆಗ ಅದು ಮೈಗೆ ಕಾವನ್ನೇ ಬೀಸುತ್ತದೆ. ಒದ್ದೆ ಬಟ್ಟೆಯಿಂದ ಕೈಕಾಲು, ಕುತ್ತಿಗೆ ಒರೆಸುತ್ತಿರಿ. ಮಜ್ಜಿಗೆ, ಗಂಜಿ, ನೀರು ಕೇಳುವ ಮುನ್ನವೇ ಕೊಡಿ. ಮೈ ಸುಡುತ್ತಿದ್ದು, ಮಾತು ತೊದಲಿದರೆ, ಗಲಿಬಿಲಿಯಾದರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. ಕೂಡಲೇ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ನೆರಳಿಗೆ ತಂದು ಬಟ್ಟೆ ಸಡಿಲಿಸಿ ಮೈಮೇಲೆಲ್ಲ ತಣ್ಣೀರು ಹಾಕುತ್ತ ಗಾಳಿ ಬೀಸಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.